ಮನೆಯ ದೀಪಗಳ ಬಿಟ್ಟುಬಿಟ್ಟು ಕಾಣಿಸುವ ದೋಷ

ಮನೆಯ ದೀಪಗಳ ಬಿಟ್ಟುಬಿಟ್ಟು ಕಾಣಿಸುವ ದೋಷ ಎಂದರೆ ಸ್ವಿಚ್ಚು ಹಾಕಿರುವಾಗಲೇ ವಿದ್ಯುತ್ ದೀಪವು ತಾನಾಗಿ ಆರುವುದು, ಸ್ವಲ್ಪ ಹೊತ್ತಿನ ಬಳಿಕ ತಾನಾಗಿ ಹೊತ್ತಿಕೊಳ್ಳುವುದು, ಮಿಣುಕುವುದು ಅಥವಾ ಮಂಕಾಗಿ ಮತ್ತೆ ಪ್ರಖರವಾಗುವುದು. ದೀಪವು ಸಂಪೂರ್ಣವಾಗಿ ಕೆಟ್ಟುಹೋದಾಗ ಕಾರಣವನ್ನು ಹುಡುಕುವುದು ಸುಲಭ. ಆದರೆ ಬಂದು ಹೋಗುವ ದೋಷವು ಪರೀಕ್ಷಿಸುವ ಹೊತ್ತಿಗೆ ಕಾಣಿಸದಿರಬಹುದು. ಆದುದರಿಂದ ಅದನ್ನು ಬಹಳ ಮಂದಿ ಹಾಗೆಯೇ ಬಿಟ್ಟುಬಿಡುತ್ತಾರೆ. ಇಂತಹ ದೋಷಗಳಲ್ಲಿ ಹೆಚ್ಚಿನವು ವಿದ್ಯುತ್ತು ಸಾಗುವ ಹಾದಿಯಲ್ಲಿ ಎಲ್ಲಿಯೋ ಒಂದು ಕಡೆ ಸಂಪರ್ಕ ಸಡಿಲಗೊಂಡಿರುವುದರಿಂದ ಉಂಟಾಗುತ್ತವೆ. ಸಡಿಲ ಸಂಪರ್ಕವು ಕೇವಲ ಕಿರಿಕಿರಿಯ ವಿಷಯವಲ್ಲ. ಅದು ಬಿಸಿಯಾಗಿ ಬೆಂಕಿ ಹತ್ತಿಸಬಲ್ಲದು ಮತ್ತು ಕೆಲವು ಸಂದರ್ಭಗಳಲ್ಲಿ ಮನೆಯ ಉಪಕರಣಗಳನ್ನೆಲ್ಲ ಸುಡಬಲ್ಲದು. ಎಷ್ಟು ದೀಪಗಳಲ್ಲಿ, ಯಾವ ಹೊತ್ತಿನಲ್ಲಿ, ಯಾವುದರ ಜೊತೆಗೆ ದೋಷ ಕಾಣಿಸುತ್ತದೆ ಎಂಬುದನ್ನು ಗಮನಿಸಿದರೆ ದೋಷದ ಸ್ಥಳವನ್ನು ಬಹುಮಟ್ಟಿಗೆ ಊಹಿಸಬಹುದು.

## ಹಿನ್ನೆಲೆ

ಕೋಲಾರ ಜಿಲ್ಲೆಯು ಭಾರತದಲ್ಲಿ ವಿದ್ಯುತ್ತನ್ನು ಬಹಳ ಮೊದಲೇ ಕಂಡ ಪ್ರದೇಶಗಳಲ್ಲಿ ಒಂದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಸಾಗಿಸಲಾಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದು ಅದರ ನಂತರ, 1905ರಲ್ಲಿ. ಗಣಿಗಳ ಸುತ್ತಲಿನ ಹಳ್ಳಿಗಳ ಮನೆಗಳಿಗೆ ಮಾತ್ರ ದೀಪ ಬರಲು ಇನ್ನೂ ಹಲವು ದಶಕಗಳು ಬೇಕಾದವು.

1957ರಲ್ಲಿ ರಚನೆಯಾದ ಮಂಡಳಿಯು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ ಎಂದು ಹೆಸರಾಯಿತು. 1999ರಲ್ಲಿ ಅದರ ಸ್ಥಾನದಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ಬಂದಿತು. 2002ರಲ್ಲಿ ವಿತರಣೆಯ ಕೆಲಸವನ್ನು ಪ್ರತ್ಯೇಕ ಕಂಪನಿಗಳಿಗೆ ವಹಿಸಲಾಯಿತು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ತಾಲ್ಲೂಕುಗಳನ್ನು ಒಳಗೊಂಡ ಕೋಲಾರ ಜಿಲ್ಲೆಗೆ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯು, ಅಂದರೆ ಬೆಸ್ಕಾಂ, ವಿದ್ಯುತ್ ಒದಗಿಸುತ್ತದೆ. ಹಳ್ಳಿಗಳಲ್ಲಿ ಇಂದಿಗೂ ವಿದ್ಯುತ್ ಕಚೇರಿಯನ್ನು ಕೆ.ಇ.ಬಿ. ಎಂದೇ ಕರೆಯುವವರಿದ್ದಾರೆ.

ಬಡ ಕುಟುಂಬಗಳಿಗೆ ಒಂದು ದೀಪದ ಸಂಪರ್ಕ ನೀಡಿದ ಭಾಗ್ಯಜ್ಯೋತಿ ಯೋಜನೆಯಿಂದ ಅಸಂಖ್ಯ ಮನೆಗಳು ಬೆಳಕು ಕಂಡವು. ಕಾಲಕ್ರಮದಲ್ಲಿ ಇಂತಹ ಹಲವು ಮನೆಗಳಿಗೆ ಫ್ಯಾನು, ದೂರದರ್ಶನ, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳು ಬಂದವು. ಒಂದೇ ದೀಪಕ್ಕೆಂದು ಎಳೆದ ತೆಳು ತಂತಿಯೇ ಈ ಎಲ್ಲ ಭಾರವನ್ನೂ ಹೊರಬೇಕಾದಲ್ಲಿ ಅದರ ಜೋಡಣೆಗಳು ಬೇಗ ಸಡಿಲಗೊಳ್ಳುತ್ತವೆ. ಕೋಲಾರ ಸೀಮೆಯ ಕಲ್ಲು ಚಪ್ಪಡಿಯ ಮನೆಗಳಲ್ಲಿ ಗೋಡೆ ಮತ್ತು ಮಾಳಿಗೆಯನ್ನು ಕೊರೆಯುವುದು ಕಷ್ಟವಾದುದರಿಂದ ವೈರುಗಳನ್ನು ಸಾಮಾನ್ಯವಾಗಿ ಗೋಡೆಯ ಮೇಲ್ಮೈಯಲ್ಲಿಯೇ ಮರದ ಪಟ್ಟಿ ಅಥವಾ ಪೈಪಿನ ಮೂಲಕ ಸಾಗಿಸುತ್ತಾರೆ. ಚಪ್ಪಡಿಗಳ ಸಂದಿನಿಂದ ಮಳೆಗಾಲದಲ್ಲಿ ನೀರು ಜಿನುಗಿದರೆ ಅದು ಜೋಡಣೆಗಳನ್ನು ತಲುಪಬಹುದು.

2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಮತ್ತು ಅದರ ಅಂಗವಾಗಿ ಕರ್ನಾಟಕದಲ್ಲಿ ನಡೆದ ಹೊಸ ಬೆಳಕು ಯೋಜನೆಗಳ ಮೂಲಕ ಎಲ್‌ಇಡಿ ಬಲ್ಬುಗಳು ಮನೆಮನೆಗೆ ತಲುಪಿದವು. ಇದರಿಂದ ವಿದ್ಯುತ್ತಿನ ಉಳಿತಾಯವಾಯಿತು. ಜೊತೆಗೆ ದೀಪಗಳ ದೋಷದ ಲಕ್ಷಣಗಳೂ ಬದಲಾದವು.

## ಸಡಿಲ ಸಂಪರ್ಕದ ಸ್ವರೂಪ

ಮನೆಗೆ ಬರುವ ವಿದ್ಯುತ್ತು ಫೇಸ್ ತಂತಿಯಿಂದ ಬಂದು, ಸ್ವಿಚ್ಚು ಮತ್ತು ದೀಪದ ಮೂಲಕ ಹಾದು, ನ್ಯೂಟ್ರಲ್ ತಂತಿಯಿಂದ ಹಿಂದಿರುಗುತ್ತದೆ. ಈ ಮಂಡಲವು ಪೂರ್ಣವಾಗಿದ್ದರೆ ಮಾತ್ರ ದೀಪ ಉರಿಯುತ್ತದೆ. ಕಂಬದ ಮೇಲಿನ ಜೋಡಣೆ, ಸರ್ವಿಸ್ ವೈರ್, ಮೀಟರ್, ಮೈನ್ ಸ್ವಿಚ್, ಫ್ಯೂಸ್ ಅಥವಾ ಎಂ.ಸಿ.ಬಿ., ಜಂಕ್ಷನ್ ಬಾಕ್ಸ್, ಸ್ವಿಚ್ಚು, ಹೋಲ್ಡರ್ ಹೀಗೆ ಈ ಹಾದಿಯಲ್ಲಿ ಹತ್ತಾರು ಜೋಡಣೆಗಳಿರುತ್ತವೆ. ಅವುಗಳಲ್ಲಿ ಒಂದು ಸಡಿಲವಾದರೂ ದೀಪ ಮಿಣುಕಬಹುದು.

ಸಡಿಲವಾದ ಜೋಡಣೆಯಲ್ಲಿ ಲೋಹಗಳು ಒಂದನ್ನೊಂದು ಅತಿ ಕಡಿಮೆ ಜಾಗದಲ್ಲಿ ಮುಟ್ಟುತ್ತವೆ. ಅಲ್ಲಿ ರೋಧ ಹೆಚ್ಚಾಗಿ ಶಾಖ ಹುಟ್ಟುತ್ತದೆ. ಬಿಸಿಯಾದಾಗ ಲೋಹವು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಹೀಗಾಗಿ ಸಂಪರ್ಕವು ಬಂದು ಹೋಗುತ್ತಿರುತ್ತದೆ. ಶಾಖದಿಂದ ಲೋಹದ ಮೇಲೆ ಆಕ್ಸೈಡಿನ ಪದರ ಬೆಳೆದು ರೋಧವು ಮತ್ತಷ್ಟು ಹೆಚ್ಚುತ್ತದೆ. ಆದುದರಿಂದ ಸಡಿಲ ಸಂಪರ್ಕವು ತಾನಾಗಿ ಸರಿಹೋಗುವುದಿಲ್ಲ. ದೀಪ ಮತ್ತೆ ಉರಿಯಿತೆಂದರೆ ದೋಷ ಮರೆಯಾಗಿದೆ ಎಂದಷ್ಟೇ ಅರ್ಥ.

ಶಾಖದ ಪ್ರಮಾಣವು ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಜೋಡಣೆಯಲ್ಲಿ 1 ಓಮ್ ರೋಧವಿದೆ ಎಂದುಕೊಳ್ಳೋಣ. ಅದರ ಮೂಲಕ ಕೇವಲ 9 ವ್ಯಾಟ್‌ನ ಎಲ್‌ಇಡಿ ಬಲ್ಬು ಉರಿಯುತ್ತಿದ್ದರೆ ಪ್ರವಾಹವು 0.1 ಆಂಪಿಯರ್‌ಗಿಂತ ಕಡಿಮೆ. ಹುಟ್ಟುವ ಶಾಖ ನಗಣ್ಯ. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಸೇರಿದರೆ ಪ್ರವಾಹ ಸುಮಾರು 4.3 ಆಂಪಿಯರ್ ಆಗಿ ಶಾಖವು 19 ವ್ಯಾಟ್‌ನಷ್ಟಾಗುತ್ತದೆ. 2000 ವ್ಯಾಟ್‌ನ ಗೀಸರ್ ಹಾಕಿದರೆ ಅದೇ ಜಾಗದಲ್ಲಿ ಸುಮಾರು 75 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಸ್ಕ್ರೂವಿನಷ್ಟು ಚಿಕ್ಕ ಜಾಗಕ್ಕೆ ಇದು ಪ್ಲಾಸ್ಟಿಕ್ಕನ್ನು ಕರಗಿಸಲು ಸಾಕಾಗುತ್ತದೆ. ದೀಪಗಳು ಮಾತ್ರ ಉರಿಯುವಾಗ ಸುಮ್ಮನಿದ್ದ ದೋಷವು ಗೀಸರ್ ಹಾಕಿದೊಡನೆ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಫ್ಯೂಸ್ ಮತ್ತು ಎಂ.ಸಿ.ಬಿ.ಗಳು ಮಿತಿಮೀರಿದ ಪ್ರವಾಹವನ್ನು ತಡೆಯುವ ಸಾಧನಗಳು. ಸಡಿಲ ಸಂಪರ್ಕದಲ್ಲಿ ಪ್ರವಾಹವು ಮಿತಿಯೊಳಗೇ ಇರುವುದರಿಂದ ಅವು ಕಡಿತಗೊಳ್ಳುವುದಿಲ್ಲ. ಎಂ.ಸಿ.ಬಿ. ಬಿದ್ದಿಲ್ಲವೆಂದ ಮಾತ್ರಕ್ಕೆ ವೈರಿಂಗ್ ಸುರಕ್ಷಿತವಾಗಿದೆ ಎಂದು ತಿಳಿಯಬಾರದು.

## ದೋಷದ ಸ್ಥಳವನ್ನು ಗುರುತಿಸುವ ಕ್ರಮ

ಯಾವುದನ್ನೂ ಬಿಚ್ಚುವ ಮೊದಲು ಗಮನಿಸಬೇಕಾದ ಅಂಶಗಳು ಮೂರು.

- ವ್ಯಾಪ್ತಿ: ಒಂದೇ ದೀಪವೋ, ಒಂದು ಕೊಠಡಿಯ ದೀಪಗಳೋ, ಇಡೀ ಮನೆಯೋ, ಅಕ್ಕಪಕ್ಕದ ಮನೆಗಳೂ ಸೇರಿವೆಯೋ? ದೋಷದಿಂದ ಬಾಧಿತವಾದ ಎಲ್ಲ ದೀಪಗಳಿಗೂ ಸಮಾನವಾದ ಭಾಗದಲ್ಲಿ ದೋಷವನ್ನು ಹುಡುಕಬೇಕು.
- ಸಮಯ: ಸಂಜೆ ಮಾತ್ರವೋ, ಗಾಳಿ ಬೀಸಿದಾಗಲೋ, ಮಳೆ ಬಂದಾಗಲೋ, ದೀಪ ಹಾಕಿ ಅರ್ಧ ಗಂಟೆಯಾದ ಬಳಿಕವೋ?
- ಜೊತೆ: ಫ್ಯಾನು, ಮಿಕ್ಸಿ, ನೀರಿನ ಮೋಟಾರು, ಗೀಸರ್ ಇವುಗಳಲ್ಲಿ ಯಾವುದನ್ನಾದರೂ ಹಾಕಿದಾಗ ಅಥವಾ ಬಾಗಿಲನ್ನು ಜೋರಾಗಿ ಮುಚ್ಚಿದಾಗ ಕಾಣಿಸುತ್ತದೆಯೋ?

ಒಂದು ವಾರ ಈ ವಿವರಗಳನ್ನು ಬರೆದಿಟ್ಟುಕೊಂಡರೆ ದುರಸ್ತಿಗೆ ಬರುವವರ ಕೆಲಸ ಬಹಳ ಹಗುರವಾಗುತ್ತದೆ. ಆದರೆ ಸುಟ್ಟ ವಾಸನೆ, ಚಟಪಟ ಸದ್ದು, ಕಿಡಿ, ಮುಟ್ಟಿದರೆ ಬಿಸಿಯಾಗಿರುವ ಸ್ವಿಚ್‌ಬೋರ್ಡ್ ಅಥವಾ ದೀಪಗಳು ಇದ್ದಕ್ಕಿದ್ದಂತೆ ಅತಿ ಪ್ರಖರವಾಗುವುದು ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಮೈನ್ ಸ್ವಿಚ್ ಆರಿಸಬೇಕು.

## ಒಂದೇ ದೀಪದಲ್ಲಿ ದೋಷ

ಮೊದಲು ಬಲ್ಬನ್ನು ಚೆನ್ನಾಗಿ ಉರಿಯುವ ಇನ್ನೊಂದು ಹೋಲ್ಡರಿಗೆ ಹಾಕಿ ನೋಡಬೇಕು. ಅಲ್ಲಿಯೂ ಮಿಣುಕಿದರೆ ದೋಷ ಬಲ್ಬಿನದು. ಅಲ್ಲಿ ಸರಿಯಾಗಿ ಉರಿದರೆ ದೋಷವು ಹೋಲ್ಡರ್, ಸ್ವಿಚ್ಚು ಅಥವಾ ನಡುವಿನ ವೈರಿನದು.

ಹೋಲ್ಡರ್: ಭಾರತದ ಮನೆಗಳಲ್ಲಿ ಬಳಕೆಯಲ್ಲಿರುವ, ಒತ್ತಿ ತಿರುಗಿಸುವ ಹೋಲ್ಡರಿನೊಳಗೆ ಸ್ಪ್ರಿಂಗ್ ಇರುವ ಎರಡು ಪಿನ್ನುಗಳಿರುತ್ತವೆ. ಹಳೆಯ ತಂತಿದೀಪಗಳ ಶಾಖಕ್ಕೆ ವರ್ಷಗಟ್ಟಲೆ ಸಿಕ್ಕಿದ ಸ್ಪ್ರಿಂಗುಗಳು ಬಿಗುವನ್ನು ಕಳೆದುಕೊಳ್ಳುತ್ತವೆ. ಪಿನ್ನು ಒಳಗೆ ಸಿಲುಕಿಕೊಂಡಿದ್ದರೆ, ಕಪ್ಪಾಗಿದ್ದರೆ ಹೋಲ್ಡರನ್ನೇ ಬದಲಾಯಿಸಬೇಕು. ಮೊಳೆ ಅಥವಾ ಚಾಕುವಿನಿಂದ ಪಿನ್ನನ್ನು ಎಳೆಯುವ ಅಭ್ಯಾಸ ಅಪಾಯಕಾರಿ.

ಟ್ಯೂಬ್‌ಲೈಟ್: ತಾಮ್ರದ ಚೋಕ್ ಮತ್ತು ಸ್ಟಾರ್ಟರ್ ಇರುವ ಟ್ಯೂಬ್‌ಲೈಟ್ ಹೊತ್ತಿಕೊಳ್ಳದೆ ಮಿಣುಕುತ್ತಲೇ ಇದ್ದರೆ ಸ್ಟಾರ್ಟರ್ ಕೆಟ್ಟಿರಬಹುದು, ಟ್ಯೂಬಿನ ಆಯುಸ್ಸು ಮುಗಿದಿರಬಹುದು ಅಥವಾ ವೋಲ್ಟೇಜ್ ಕಡಿಮೆಯಿರಬಹುದು. ಎರಡೂ ತುದಿಗಳು ದಟ್ಟವಾಗಿ ಕಪ್ಪಾಗಿದ್ದರೆ ಟ್ಯೂಬು ಹಳೆಯದಾಗಿದೆ ಎಂದು ತಿಳಿಯಬೇಕು. ತಟ್ಟಿದರೆ ಉರಿಯುವ ಟ್ಯೂಬಿನಲ್ಲಿ ತುದಿಯ ಪಿನ್ನುಗಳ ಸಂಪರ್ಕ ಸಡಿಲವಾಗಿರುತ್ತದೆ.

ಎಲ್‌ಇಡಿ ಬಲ್ಬು: ಎಲ್‌ಇಡಿ ದೀಪದ ಬುಡದಲ್ಲಿ ಡ್ರೈವರ್ ಎಂಬ ಚಿಕ್ಕ ಇಲೆಕ್ಟ್ರಾನಿಕ್ ಮಂಡಲವಿರುತ್ತದೆ. ಬೆಳಕು ಕೊಡುವ ಎಲ್‌ಇಡಿಗಿಂತ ಮೊದಲು ಈ ಭಾಗವೇ ಕೆಡುವುದು ಸಾಮಾನ್ಯ. ಅದರಲ್ಲಿನ ಕೆಪಾಸಿಟರ್ ಒಣಗಿದಾಗ ದೀಪವು ಮಿಣುಕುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂತಹ ಕೆಪಾಸಿಟರಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರು ಅನುಸರಿಸುವ ಸ್ಥೂಲ ಲೆಕ್ಕ. ಗಾಳಿಯಾಡದ ಮುಚ್ಚಿದ ಗಾಜಿನ ಬುರುಡೆಯೊಳಗೆ ಹಾಕಿದ ಬಲ್ಬುಗಳು ಬೇಗ ಕೆಡುವುದು ಇದರಿಂದಲೇ. ಹೊತ್ತಿಸಿದ ಸ್ವಲ್ಪ ಹೊತ್ತಿಗೆ ಆರಿ, ತಣ್ಣಗಾದ ಬಳಿಕ ಮತ್ತೆ ಉರಿಯುವ ದೀಪದಲ್ಲಿ ಶಾಖವು ಮಿತಿ ಮೀರುತ್ತಿದೆ ಅಥವಾ ಒಳಗಿನ ಬೆಸುಗೆ ಬಿಟ್ಟಿದೆ ಎಂದರ್ಥ. ಮಂದಗೊಳಿಸುವ ರೆಗ್ಯುಲೇಟರಿಗೆ ಸಾಮಾನ್ಯ ಎಲ್‌ಇಡಿ ಬಲ್ಬನ್ನು ಜೋಡಿಸಿದರೂ ಅದು ಮಿಣುಕುತ್ತದೆ.

ಸ್ವಿಚ್ಚು: ಸ್ವಿಚ್ಚನ್ನು ಮೆಲ್ಲಗೆ ಒತ್ತಿದಾಗ ದೀಪ ಮಿಣುಕಿದರೆ ಅಥವಾ ಒಳಗೆ ಚಿರಚಿರ ಸದ್ದು ಬಂದರೆ ಸಂಪರ್ಕ ಬಿಂದುಗಳು ಸವೆದಿರುತ್ತವೆ. ಹಲ್ಲಿ, ಇರುವೆ ಮತ್ತು ಧೂಳು ಸೇರಿಕೊಳ್ಳುವುದರಿಂದಲೂ ಈ ದೋಷ ಬರುತ್ತದೆ. ಸ್ವಿಚ್ಚನ್ನು ದುರಸ್ತಿ ಮಾಡುವುದಕ್ಕಿಂತ ಬದಲಾಯಿಸುವುದೇ ಕ್ಷೇಮ.

## ಒಂದು ಕೊಠಡಿ ಅಥವಾ ಒಂದು ಭಾಗದಲ್ಲಿ ದೋಷ

ಹಲವು ದೀಪಗಳು ಒಟ್ಟಿಗೆ ಆರಿ ಹೊತ್ತಿಕೊಳ್ಳುತ್ತಿದ್ದರೆ ಬಲ್ಬುಗಳನ್ನು ಬದಲಾಯಿಸುವುದು ವ್ಯರ್ಥ. ಆ ಭಾಗಕ್ಕೆ ಸೇರಿದ ಎಂ.ಸಿ.ಬಿ.ಯ ಸ್ಕ್ರೂ, ಫ್ಯೂಸ್ ಕಟೌಟು, ಜಂಕ್ಷನ್ ಬಾಕ್ಸ್ ಅಥವಾ ಸ್ವಿಚ್‌ಬೋರ್ಡಿನಲ್ಲಿನ ನ್ಯೂಟ್ರಲ್ ಜೋಡಣೆಯನ್ನು ಪರೀಕ್ಷಿಸಬೇಕು. ತಂತಿಗಳನ್ನು ಕೈಯಿಂದ ಹೊಸೆದು ಟೇಪು ಸುತ್ತಿದ ಜೋಡಣೆಗಳು ಕಾಲಕ್ರಮದಲ್ಲಿ ಸಡಿಲಗೊಳ್ಳುತ್ತವೆ.

ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ವೈರುಗಳಿರುವುದುಂಟು. ಅಲ್ಯೂಮಿನಿಯಂ ತಾಮ್ರಕ್ಕಿಂತ ಮೆತುವಾದುದು. ಸ್ಕ್ರೂವಿನ ಒತ್ತಡಕ್ಕೆ ಅದು ನಿಧಾನವಾಗಿ ಚಪ್ಪಟೆಯಾಗಿ ಬಿಗುವು ತಪ್ಪುತ್ತದೆ. ಅದರ ಮೇಲಿನ ಆಕ್ಸೈಡ್ ಪದರವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ತಾಮ್ರ ಮತ್ತು ಅಲ್ಯೂಮಿನಿಯಂ ತಂತಿಗಳನ್ನು ನೇರವಾಗಿ ಹೊಸೆದ ಜಾಗದಲ್ಲಿ ತೇವ ಸೇರಿದರೆ ಲೋಹವು ಬೇಗ ಸವೆಯುತ್ತದೆ.

ಇಲಿ ಕಡಿದ ವೈರು ಮತ್ತೊಂದು ಕಾರಣ. ಧಾನ್ಯ ಸಂಗ್ರಹಿಸುವ ಅಟ್ಟ, ರೇಷ್ಮೆಹುಳು ಸಾಕುವ ಮನೆ, ಕೊಟ್ಟಿಗೆಗಳಲ್ಲಿ ಇಲಿಗಳ ಜೊತೆಗೆ ತೇವದ ಕಾಟವೂ ಇರುತ್ತದೆ. ಮಳೆಗಾಲದಲ್ಲಿ ಮಾತ್ರ ದೋಷ ಕಾಣಿಸಿದರೆ ನೀರು ಜಿನುಗುವ ಗೋಡೆಯ ಪೈಪುಗಳನ್ನು ಮೊದಲು ನೋಡಬೇಕು.

## ಇಡೀ ಮನೆಯಲ್ಲಿ ಅಥವಾ ಬೀದಿಯಲ್ಲಿ ದೋಷ

ಅಕ್ಕಪಕ್ಕದ ಮನೆಗಳಲ್ಲಿ ದೀಪ ಸರಿಯಾಗಿದ್ದು ಒಂದೇ ಮನೆಯ ದೀಪಗಳೆಲ್ಲ ಮಿಣುಕುತ್ತಿದ್ದರೆ ದೋಷವು ಮೈನ್ ಸ್ವಿಚ್, ಮೀಟರ್ ಅಥವಾ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನಲ್ಲಿರುತ್ತದೆ. ಗಾಳಿ ಬೀಸಿದಾಗ ಮಾತ್ರ ದೀಪ ಮಿಣುಕುವುದು ಕಂಬದ ಮೇಲಿನ ಜೋಡಣೆ ಸಡಿಲವಾಗಿರುವುದರ ಲಕ್ಷಣ. ಮಾವು, ತೆಂಗು, ಹುಣಸೆ ಮರಗಳ ಕೊಂಬೆ ಅಥವಾ ಗರಿಗಳು ತಂತಿಗೆ ತಾಗುತ್ತಿದ್ದರೂ ಹೀಗಾಗುತ್ತದೆ.

ಬೀದಿಯ ಮನೆಗಳೆಲ್ಲವೂ ಬಾಧಿತವಾಗಿದ್ದರೆ ಕಾರಣವು ವಿತರಣಾ ಜಾಲದಲ್ಲಿದೆ. ಮನೆಗಳಿಗೆ ನಿಗದಿಯಾದ ವೋಲ್ಟೇಜ್ 230. ಅದರಲ್ಲಿ ಹೆಚ್ಚುಕಡಿಮೆ ಶೇ. 6ರಷ್ಟು ವ್ಯತ್ಯಾಸ, ಅಂದರೆ ಸುಮಾರು 216ರಿಂದ 244 ವೋಲ್ಟ್‌ಗಳವರೆಗೆ, ಸಹಜವೆಂದು ಪರಿಗಣಿತವಾಗಿದೆ. ಮೋಟಾರುಗಳು ಚಾಲೂ ಆಗುವಾಗ ತಮ್ಮ ಸಾಮಾನ್ಯ ಪ್ರವಾಹದ ಐದರಿಂದ ಏಳು ಪಟ್ಟು ಪ್ರವಾಹವನ್ನು ಎಳೆಯುತ್ತವೆ. ಆ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತದೆ. ನದಿಗಳ ನೀರಾವರಿ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಗಳು ಬಹಳ ಆಳವಾಗಿರುವುದರಿಂದ ಅವುಗಳ ಮೋಟಾರುಗಳೂ ದೊಡ್ಡವು. ಆಂಧ್ರಪ್ರದೇಶದ ಗಡಿಯ ಬಳಿ ಹೆದ್ದಾರಿಯ ಬದಿಯಲ್ಲಿರುವ ನಂಗಲಿಯಂತಹ ಊರುಗಳಲ್ಲಿ ಮನೆಗಳ ಜೊತೆಗೆ ಅಂಗಡಿ, ಹಿಟ್ಟಿನ ಗಿರಣಿ, ವೆಲ್ಡಿಂಗ್ ಕೆಲಸ ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ್ದರೆ ಅದರ ಪರಿಣಾಮ ದೀಪಗಳಲ್ಲಿ ಕಾಣುತ್ತದೆ. ವೆಲ್ಡಿಂಗ್ ನಡೆಯುವಾಗ ದೀಪಗಳು ತಡೆತಡೆದು ಮಂಕಾಗುವುದನ್ನು ಸುಲಭವಾಗಿ ಗುರುತಿಸಬಹುದು.

ಹಳೆಯ ತಂತಿದೀಪವು ವೋಲ್ಟೇಜಿನ ಏರಿಳಿತವನ್ನು ಸ್ಪಷ್ಟವಾಗಿ ತೋರಿಸುತ್ತಿತ್ತು, ವೋಲ್ಟೇಜ್ ಶೇ. 10ರಷ್ಟು ಇಳಿದರೆ ಅದರ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತಿತ್ತು. ಉತ್ತಮ ಡ್ರೈವರ್ ಇರುವ ಎಲ್‌ಇಡಿ ದೀಪವು ಇಳಿದ ವೋಲ್ಟೇಜಿನಲ್ಲಿಯೂ ಒಂದೇ ಸಮನೆ ಉರಿಯುತ್ತದೆ. ಅದರಿಂದ ಅನುಕೂಲವಾದರೂ ವೋಲ್ಟೇಜ್ ಕುಸಿದಿರುವುದು ಮನೆಯವರ ಗಮನಕ್ಕೆ ಬಾರದೆ ಹೋಗಬಹುದು.

ಕೃಷಿ ಪಂಪ್‌ಸೆಟ್‌ಗಳ ಮತ್ತು ಗ್ರಾಮಗಳ ವಿದ್ಯುತ್ ಮಾರ್ಗಗಳನ್ನು ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯನ್ನು ಕರ್ನಾಟಕದಲ್ಲಿ ಜಾರಿಗೆ ತರಲಾಗಿದೆ. ಮಾರ್ಗಗಳು ಬೇರ್ಪಟ್ಟಲ್ಲಿ ಪಂಪ್‌ಸೆಟ್‌ಗಳ ಭಾರವು ಮನೆಯ ದೀಪಗಳನ್ನು ಅಷ್ಟಾಗಿ ಬಾಧಿಸುವುದಿಲ್ಲ.

## ನ್ಯೂಟ್ರಲ್ ಕಡಿತ

ಬಿಟ್ಟುಬಿಟ್ಟು ಕಾಣಿಸುವ ದೋಷಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ನ್ಯೂಟ್ರಲ್ ತಂತಿಯ ಸಡಿಲಿಕೆ. ಒಂದೇ ಮನೆಯ ನ್ಯೂಟ್ರಲ್ ಬಿಟ್ಟುಹೋದರೆ ಆ ಮನೆಯ ದೀಪಗಳು ಆರುತ್ತವೆ. ಆಗ ಸ್ವಿಚ್ಚು ಹಾಕಿದ ದೀಪದ ಹೋಲ್ಡರಿಗೆ ಟೆಸ್ಟರ್ ಹಿಡಿದರೆ ಎರಡೂ ಬದಿಗಳಲ್ಲಿ ಬೆಳಗುವುದುಂಟು. ದೀಪ ಉರಿಯದಿದ್ದರೂ ತಂತಿಗಳಲ್ಲಿ ವಿದ್ಯುತ್ತು ಇರುತ್ತದೆ.

ಆದರೆ ಹಲವು ಮನೆಗಳಿಗೆ ಸಮಾನವಾದ ನ್ಯೂಟ್ರಲ್ ಕಂಬದಲ್ಲಿ ಅಥವಾ ಟ್ರಾನ್ಸ್‌ಫಾರ್ಮರಿನಲ್ಲಿ ಕಡಿದರೆ ಪರಿಣಾಮವು ಬೇರೆಯೇ. ಬೇರೆ ಬೇರೆ ಫೇಸ್‌ಗಳಿಗೆ ಸೇರಿದ ಮನೆಗಳು ಆಗ ಒಂದರ ಹಿಂದೊಂದು ಜೋಡಿಸಿದಂತಾಗುತ್ತವೆ. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಒಂದು ಮನೆಯಲ್ಲಿ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯೂ ಮತ್ತೊಂದರಲ್ಲಿ 100 ವ್ಯಾಟ್‌ನ ಒಂದು ತಂತಿದೀಪವೂ ಇದ್ದು, ಅವು ಮಾತ್ರವೇ ಹೀಗೆ ಜೋಡಣೆಗೊಂಡರೆ ಮೊದಲನೆಯ ಮನೆಗೆ ಸುಮಾರು 36 ವೋಲ್ಟ್ ಮಾತ್ರ ಸಿಕ್ಕಿ, ಎರಡನೆಯ ಮನೆಗೆ ಸುಮಾರು 364 ವೋಲ್ಟ್ ಬರುತ್ತದೆ. ಕಡಿಮೆ ಬಳಸುವ ಮನೆಗೇ ಹೆಚ್ಚಿನ ಹಾನಿ. ದೂರದರ್ಶನ, ಫ್ರಿಜ್, ಮೊಬೈಲ್ ಚಾರ್ಜರುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು.

ಕೆಲವು ದೀಪಗಳು ಮಂಕಾಗಿ, ಅದೇ ಹೊತ್ತಿನಲ್ಲಿ ಬೇರೆ ಕೆಲವು ಅತಿ ಪ್ರಖರವಾಗುವುದು ನ್ಯೂಟ್ರಲ್ ಕಡಿತದ ಮುಖ್ಯ ಲಕ್ಷಣ. ಮೂರು ಫೇಸ್ ಇರುವ ಮನೆಯಲ್ಲಿ ಇದು ಕೊಠಡಿಗಳ ನಡುವೆ ಕಾಣುತ್ತದೆ; ಇತರ ಕಡೆಗಳಲ್ಲಿ ಮನೆಗಳ ನಡುವೆ ಕಾಣುತ್ತದೆ. ಆಗ ಒಡನೆಯೇ ಮೈನ್ ಸ್ವಿಚ್ ಆರಿಸಿ, ನೆರೆಯವರಿಗೂ ತಿಳಿಸಿ, ವಿದ್ಯುತ್ ಕಂಪನಿಗೆ ದೂರು ನೀಡಬೇಕು.

ನ್ಯೂಟ್ರಲ್ ಕೈಕೊಟ್ಟಾಗ ದೀಪದ ತಂತಿಯನ್ನು ಅರ್ಥಿಂಗ್ ಕಂಬಿಗೆ ಅಥವಾ ನೀರಿನ ಪೈಪಿಗೆ ಜೋಡಿಸಿ ಬೆಳಕು ಪಡೆಯುವ ಪದ್ಧತಿ ಕೆಲವೆಡೆ ಇದೆ. ಇದು ಪ್ರಾಣಾಂತಿಕವಾದ ಕೆಲಸ. ಭೂಮಿ ಒಣಗಿದಾಗ ಆ ಕಂಬಿ ಮತ್ತು ಪೈಪುಗಳಲ್ಲಿಯೇ ವಿದ್ಯುತ್ತು ನಿಲ್ಲುತ್ತದೆ; ನಲ್ಲಿ ಮುಟ್ಟಿದವರಿಗೆ, ಕಂಬಿಯ ಬಳಿ ಕಟ್ಟಿದ ದನಕರುಗಳಿಗೆ ಆಘಾತವಾಗುತ್ತದೆ.

## ಆರಿಸಿದ ಮೇಲೂ ಮಿಣುಕುವ ದೀಪ

ಸ್ವಿಚ್ಚು ಆರಿಸಿದ ಮೇಲೂ ಎಲ್‌ಇಡಿ ಅಥವಾ ಸಿಎಫ್‌ಎಲ್ ದೀಪವು ಕತ್ತಲಲ್ಲಿ ಮಸುಕಾಗಿ ಬೆಳಗುವುದು ಅಥವಾ ಆಗಾಗ ಮಿಂಚುವುದು ಬೇರೆ ಬಗೆಯ ಲಕ್ಷಣ. ಸ್ವಿಚ್ಚಿನಲ್ಲಿರುವ ಚಿಕ್ಕ ಸೂಚಕ ದೀಪದ ಮೂಲಕ ಅಥವಾ ಒತ್ತಾಗಿ ಸಾಗುವ ಉದ್ದನೆಯ ವೈರುಗಳ ನಡುವಿನ ಪ್ರಭಾವದಿಂದ ಹರಿಯುವ ಅತ್ಯಲ್ಪ ಪ್ರವಾಹವೇ ಇದಕ್ಕೆ ಕಾರಣವಾಗಿರಬಹುದು. ಸ್ವಿಚ್ಚನ್ನು ಫೇಸ್‌ಗೆ ಬದಲಾಗಿ ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೂ ಹೀಗಾಗುತ್ತದೆ. ಈ ಕೊನೆಯ ಕಾರಣವಿದ್ದಲ್ಲಿ ದೀಪ ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ತು ಉಳಿದಿರುವುದರಿಂದ ಬಲ್ಬು ಬದಲಾಯಿಸುವವರಿಗೆ ಆಘಾತವಾಗಬಹುದು. ಜೋಡಣೆಯನ್ನು ಸರಿಪಡಿಸುವುದು ಅಗತ್ಯ.

## ಸುರಕ್ಷತೆ

- ಹೋಲ್ಡರ್, ಸ್ವಿಚ್‌ಬೋರ್ಡ್ ಬಿಚ್ಚುವ ಮೊದಲು ಮೈನ್ ಸ್ವಿಚ್ ಆರಿಸಬೇಕು. ದೀಪದ ಸ್ವಿಚ್ಚನ್ನು ಆರಿಸಿದರೆ ಸಾಲದು.
- ಇನ್ವರ್ಟರ್ ಇರುವ ಮನೆಗಳಲ್ಲಿ ಮೈನ್ ಆರಿಸಿದ ಮೇಲೂ ದೀಪದ ತಂತಿಗಳಲ್ಲಿ ವಿದ್ಯುತ್ತು ಇರುತ್ತದೆ. ಇನ್ವರ್ಟರನ್ನೂ ಆರಿಸಬೇಕು.
- ಟೆಸ್ಟರ್ ಬೆಳಗಲಿಲ್ಲವೆಂದರೆ ವಿದ್ಯುತ್ತು ಇಲ್ಲವೆಂದು ಅರ್ಥವಲ್ಲ. ಅದನ್ನು ಮೊದಲು ವಿದ್ಯುತ್ತಿರುವ ಜಾಗದಲ್ಲಿ ಪರೀಕ್ಷಿಸಿ ನೋಡಬೇಕು.
- ಒದ್ದೆ ಕೈ, ಬರಿಗಾಲು, ಕಬ್ಬಿಣದ ಕುರ್ಚಿ ಅಥವಾ ಏಣಿ ಸಲ್ಲದು.
- ಫ್ಯೂಸ್ ಹೋದರೆ ಸಿಕ್ಕ ತಂತಿಯನ್ನು ದಪ್ಪಗೆ ಸುತ್ತಬಾರದು.
- 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಎಂಬ ಸಾಧನವು ವಿದ್ಯುತ್ತು ಸೋರಿದಾಗ ಕಡಿತಗೊಂಡು ಜೀವ ಉಳಿಸುತ್ತದೆ. ಆದರೆ ಅದೂ ಸಡಿಲ ಸಂಪರ್ಕವನ್ನು ಪತ್ತೆ ಮಾಡುವುದಿಲ್ಲ.

## ದುರಸ್ತಿಯ ಹೊಣೆ

ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ನಿರ್ವಹಣೆ ವಿದ್ಯುತ್ ಕಂಪನಿಯದು. ಮೀಟರಿನಿಂದ ಮನೆಯ ಕಡೆಗಿನ ವೈರಿಂಗ್ ಮನೆಯವರದು. ಮೀಟರಿನ ಮೊಹರನ್ನು ಒಡೆಯುವುದು ಅಪರಾಧ. ಕಂಬ ಹತ್ತುವ ಕೆಲಸವನ್ನು ಕಂಪನಿಯ ಸಿಬ್ಬಂದಿ ಮಾತ್ರ ಮಾಡಬೇಕು. ಬೆಸ್ಕಾಂ ವ್ಯಾಪ್ತಿಯಲ್ಲಿ 1912 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬಹುದು. ಮೀಟರಿನಲ್ಲಿರುವ ಅಥವಾ ಬಿಲ್ಲಿನಲ್ಲಿ ಮುದ್ರಿತವಾದ ಆರ್.ಆರ್. ಸಂಖ್ಯೆಯನ್ನು ಹೇಳಿದರೆ ಮನೆಯನ್ನು ಗುರುತಿಸಲು ಅನುಕೂಲ. "ಕರೆಂಟು ಸರಿಯಿಲ್ಲ" ಎನ್ನುವುದರ ಬದಲು "ಗಾಳಿ ಬಂದಾಗ ಇಡೀ ಮನೆ ಆರುತ್ತದೆ, ಪಕ್ಕದ ಮನೆ ಸರಿಯಿದೆ" ಎಂದು ವಿವರಿಸುವುದು ಹೆಚ್ಚು ಉಪಯುಕ್ತ.

ಮನೆಯೊಳಗೆ ಬಲ್ಬು, ಟ್ಯೂಬು, ಸ್ಟಾರ್ಟರುಗಳನ್ನು ಯಾರಾದರೂ ಬದಲಾಯಿಸಬಹುದು. ವೈರಿಂಗಿಗೆ ಸಂಬಂಧಿಸಿದ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸಬೇಕು.

## ಮುನ್ನೆಚ್ಚರಿಕೆ

ವೈರುಗಳ ಕೂಡಿಕೆಗೆ ಸ್ಕ್ರೂ ಇರುವ ಕನೆಕ್ಟರುಗಳನ್ನು ಬಳಸುವುದು, ಗೀಸರ್ ಮತ್ತು ಪಂಪುಗಳಿಗೆ ಪ್ರತ್ಯೇಕ ವೈರು ಎಳೆಸುವುದು, ಮಳೆಗಾಲಕ್ಕೆ ಮುಂಚೆ ಸರ್ವಿಸ್ ವೈರ್ ಮತ್ತು ಮರದ ಕೊಂಬೆಗಳನ್ನು ಗಮನಿಸಿ ಅಗತ್ಯವಿದ್ದರೆ ಕಂಪನಿಗೆ ತಿಳಿಸುವುದು, ಕೆಲವು ವರ್ಷಗಳಿಗೊಮ್ಮೆ ಮೀಟರ್ ಬೋರ್ಡಿನ ಆಚೆಗಿನ ಸ್ಕ್ರೂಗಳನ್ನು ತಜ್ಞರಿಂದ ಬಿಗಿ ಮಾಡಿಸುವುದು ಉತ್ತಮ ಕ್ರಮಗಳು. ಹೊಸ ಉಪಕರಣವನ್ನು ತರುವಾಗ ಹಳೆಯ ವೈರು ಅದರ ಭಾರವನ್ನು ತಾಳಬಲ್ಲದೇ ಎಂದು ವಿಚಾರಿಸಬೇಕು. ಗೋಡೆಯನ್ನೋ ಸ್ವಿಚ್‌ಬೋರ್ಡನ್ನೋ ತಟ್ಟಿದರೆ ಉರಿಯುವ ದೀಪವನ್ನು ಪ್ರತಿದಿನ ತಟ್ಟಿ ಉರಿಸುವುದೆಂದರೆ, ಆ ಗೋಡೆಯೊಳಗಿನ ಜೋಡಣೆಯೊಂದನ್ನು ದಿನದಿನವೂ ಸುಡಲು ಬಿಟ್ಟಂತೆ.